ನಾಲ್ಕನೆಯ ಸೆಟ್ಟು

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದ ಮಹಾನುಭಾವರಿಗೆ ಈ ಮನೆಯ ಅತ್ತೆಯ ಪರಿಚಯವಿರಲಿಲ್ಲ. ಈ ಅತ್ತೆಗೆ ಕಡಲೆಯೂ ಇತ್ತು, ಹಲ್ಲೂ ಇತ್ತು. ಅದೂ ಒಂದಲ್ಲ, ಮೂರು ಸೆಟ್ಟು. ಆದರೂ ಅವರು ಕಡಲೆಯನ್ನು ಕುಟ್ಟಿ ಪುಡಿ ಮಾಡಿಸಿಕೊಂಡೇ ತಿನ್ನುತ್ತಿದ್ದರು. ಹಲ್ಲು ಮಂಚದ ಪಕ್ಕದ ಸ್ಟೀಲಿನ ಲೋಟದಲ್ಲಿ, ನೀರಿನಲ್ಲಿ ತಣ್ಣಗೆ ಮುಳುಗಿ ಕೂತಿರುತ್ತಿತ್ತು. ಯಾರನ್ನಾದರೂ ಬೈಯುವುದಿದ್ದರೆ ಮಾತ್ರ ಅದನ್ನು ತೆಗೆದು, ಕೊಡವಿ, ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತಿನ್ನುವುದಕ್ಕೆ ವಸಡು ಸಾಕು, ಬೈಯುವುದಕ್ಕೆ ಹಲ್ಲು ಬೇಕು ಎನ್ನುವುದು ಅವರ ಸಿದ್ಧಾಂತ. ಲೋಟಕ್ಕೆ ಕೈ ಹೋಯಿತೆಂದರೆ ಹಾಲು ಕೊಡುವವನಿಂದ ಹಿಡಿದು ಹೆತ್ತ ಮಗನವರೆಗೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು.

ಆ ಹಲ್ಲು ಕಟ್ಟಿದವಳು ಸೊಸೆಯೇ. ಹೇಳಿ ಕೇಳಿ ಅವಳ ಕಸುಬೇ ಅದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರು ಸುರಿದು, ಮೊದಲು ಗುಲಾಬಿ ಮೇಣದಲ್ಲಿ ಹಲ್ಲು ನೆಟ್ಟು, ಅದನ್ನೊಮ್ಮೆ ಆ ಬಾಯಿಗೇ ಹಾಕಿ ನೋಡಿ, ಉಬ್ಬು ತಗ್ಗು ತಿದ್ದಿ, ಆಮೇಲೆ ಗಟ್ಟಿ ಮಾಡುವುದು. ಮೇಣವಾಗಿರುವಾಗ ಎಷ್ಟು ಸಲ ಬೇಕಾದರೂ ತಿದ್ದಬಹುದು. ಗಟ್ಟಿಯಾದ ಮೇಲೆ ಅರ ಹಿಡಿದು ಉಜ್ಜಬೇಕು, ಇಲ್ಲ ಹೊಸದು ಮಾಡಬೇಕು. ಎಂಟು ವರ್ಷದಿಂದ ಅವಳು ಹಲ್ಲು ಕಟ್ಟುವ ವರ್ಕ್‌ಶಾಪೊಂದರ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಊರಿನವರ ಬಾಯಿ ತುಂಬಿಸಿದ್ದಾಳೆ. ಮೇಲಿನ ದವಡೆಯ ಚೀಟಿಯನ್ನು ಕೆಳಗಿನದಕ್ಕೆ ಅಂಟಿಸಿದ್ದು ಒಂದು ದಿನವೂ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸೊಸೆಗೆ ಇನ್ನೊಂದು ಹುಚ್ಚಿತ್ತು, ಕಥೆ ಬರೆಯುವುದು. ಊಟದ ಬಿಡುವಿನಲ್ಲಿ ಕೈಗಂಟಿದ ಪ್ಲಾಸ್ಟರು ತೊಳೆದು, ಮೊಬೈಲಿನಲ್ಲಿ ಬರೆಯುತ್ತಿದ್ದಳು. ಬರೆದದ್ದನ್ನು 'ಹತ್ತು ಸಾಲು ಬಳಗ' ಎಂಬ ಆನ್‌ಲೈನ್ ಗುಂಪಿಗೆ ಕಳಿಸುತ್ತಿದ್ದಳು. ಇನ್ನೂರು ಚಿಲ್ಲರೆ ಜನ, ಒಬ್ಬರ ಮುಖ ಒಬ್ಬರು ಕಂಡವರಲ್ಲ, ಎಲ್ಲರಿಗೂ ಅಡ್ಡಹೆಸರು. ಗುಂಪು ನಡೆಸುವವನು ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಲಿಫ್ಟಣ್ಣ. ಇವಳ ಹೆಸರು ಮೇಣ. ಯಾರ ಕಥೆಗೇ ಆಗಲಿ, 'ಇದಿನ್ನೂ ಮೇಣ ಕಣ್ರೀ, ಮಧ್ಯದಲ್ಲಿ ಎತ್ತರ ಆಗಿದೆ, ಕಚ್ಚಿದರೆ ತಾಗುತ್ತೆ' ಎಂದು ಅಭಿಪ್ರಾಯ ಬರೆದೂ ಬರೆದೂ ಬಂದ ಹೆಸರು ಅದು.

ಬಳಗದ ಕಾನೂನು ಬಲು ಬಿಗಿ. ಅಭಿಪ್ರಾಯ ಎಂದರೆ ಹತ್ತು ಸಾಲಿಗೆ ಕಡಿಮೆಯಿರಕೂಡದು. 'ಸೂಪರ್' ಎಂದಷ್ಟೇ ಬರೆದು ಜಾರಿಕೊಂಡವರಿಗೆ ಇಪ್ಪತ್ತು ಸಾಲಿನ ಶಿಕ್ಷೆ. ತಿಂಗಳಿಗೊಂದು ವಾರ ಎಲ್ಲರ ಕಥೆಗಳನ್ನೂ ಲಿಫ್ಟಣ್ಣ ಹೆಸರಿಲ್ಲದೆ ಹಾಕುತ್ತಾನೆ, ಅಭಿಪ್ರಾಯಗಳನ್ನು ಮಾತ್ರ ಹೆಸರಿನ ಸಮೇತ. ಹೆಚ್ಚು ಜನ ಮೆಚ್ಚಿದ ಕಥೆಯನ್ನು ಭಾನುವಾರ ಸಂಜೆ ನಾಲ್ಕಕ್ಕೆ ಪ್ಲಾಟ್‌ಫಾರಂ ಅಕ್ಕ ಎಲ್ಲರಿಗೂ ಕೇಳುವಂತೆ ಓದುತ್ತಾರೆ, ಓದಿ ಮುಗಿದ ಮೇಲೆ ಬರೆದವರ ಹೆಸರು ಹೊರಗೆ ಬೀಳುತ್ತದೆ. ಈ ಅಕ್ಕ ಮೂವತ್ತು ವರ್ಷ ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಹೊತ್ತು ಗೊತ್ತು ಹೇಳಿ ನಿವೃತ್ತರಾದವರು. ಅವರು ಓದಿದರೆ ಸತ್ತ ಕಥೆಯೂ ಎದ್ದು ಗಾಡಿ ಹತ್ತುತ್ತದೆ.

ಆ ದನಿಗೆ ಮರುಳಾದವರಲ್ಲಿ ಅತ್ತೆಯೂ ಒಬ್ಬರು. ಕಣ್ಣು ಮಂಜಾಗಿ ಓದುವುದು ಬಿಟ್ಟಿದ್ದ ಅವರಿಗೆ ತಿಂಗಳಿಗೊಂದು ಭಾನುವಾರ ಸೊಸೆ ಮೊಬೈಲನ್ನು ಪಾತ್ರೆಯೊಳಗೆ ನಿಲ್ಲಿಸಿ, ದನಿ ದೊಡ್ಡದಾಗುವಂತೆ ಮಾಡಿ ಕೇಳಿಸುತ್ತಿದ್ದಳು. ಕಥೆ ಹಿಡಿಸಿದರೆ ಅತ್ತೆ, "ಚಹಾ ಇಡು" ಎನ್ನುತ್ತಿದ್ದರು. ಹಿಡಿಸದಿದ್ದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಅದರಾಚೆಗೆ ಅವರದು ಅಭಿಪ್ರಾಯವಿಲ್ಲ. ಸೊಸೆಯೂ ಅಲ್ಲಿ ಬರೆಯುತ್ತಾಳೆಂಬುದು ಅವರಿಗೆ ಗೊತ್ತಿರಲಿಲ್ಲ. ಅವಳೇ ಹೇಳಿರಲಿಲ್ಲ. ಅವಳ ಆಸೆ ಒಂದೇ: ಒಂದು ಭಾನುವಾರ ತನ್ನ ಕಥೆ ಆ ದನಿಯಲ್ಲಿ ಈ ಮನೆಯೊಳಗೆ ಬರಬೇಕು, ಅತ್ತೆ ಚಹಾ ಕೇಳಬೇಕು, ಆಗ ತಾನು ಲೋಟ ಮುಂದಿಟ್ಟು, 'ಅದು ನಂದು ಅತ್ತೆ' ಅನ್ನಬೇಕು. ಮೂರು ವರ್ಷದಿಂದ ಕಾದಿದ್ದಳು ಪುಣ್ಯಾತ್ಗಿತ್ತಿ. ಮೂವತ್ತಕ್ಕೂ ಹೆಚ್ಚು ಕಥೆ ಬರೆದಿದ್ದಳು. ಎಲ್ಲದರಲ್ಲೂ ಸಮುದ್ರ, ಎಲ್ಲದರಲ್ಲೂ ದಡದಲ್ಲಿ ಬಿಳಿ ಬಟ್ಟೆಯ ಹೆಣ್ಣು, ಎಲ್ಲದರಲ್ಲೂ ಅವಳ ಕಣ್ಣೀರು. ಸೊಸೆ ಹುಟ್ಟಿದಾರಭ್ಯ ಸಮುದ್ರ ನೋಡಿದವಳಲ್ಲ. ಕಥೆ ಎಂದರೆ ಹಾಗಿರಬೇಕು ಎಂದು ಅವಳಿಗೆ ಯಾರು ಹೇಳಿದರೋ ಕಾಣೆ, ಸಿಕ್ಕರೆ ನಾಲ್ಕು ಮಾತು ಕೇಳಬೇಕಿದೆ.

ಈ ತಿಂಗಳ ವಾರ ಶುರುವಾಯಿತು. ಬಂದ ಕಥೆಗಳಲ್ಲೊಂದು ಪಾರಿಜಾತ ಎಂಬ ಹೆಸರಿನ ಒಬ್ಬಾಕೆಯದು, ಎಲ್ಲರಿಗೂ ಅವಳ ಶೈಲಿ ಗೊತ್ತು, ಹೆಸರು ಮುಚ್ಚಿಟ್ಟರೂ ಒಂದೇ. ಅದರಲ್ಲೊಬ್ಬ ಅತ್ತೆ. ತಾಳ್ಮೆಯೆಂದರೆ ಭೂಮಿ, ಮಾತೆಂದರೆ ಜೇನು, ಸೊಸೆಗೆ ತಲೆನೋವೆಂದರೆ ರಾತ್ರಿಯಿಡೀ ಹಣೆ ಒತ್ತುತ್ತಾ ಕೂರುವವರು. ಓದಿದ ನಮ್ಮ ಸೊಸೆಗೆ ಮೈಯೆಲ್ಲಾ ಉರಿಯಿತು. ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಅಭಿಪ್ರಾಯ ಬರೆಯಲು ಕೂತಳು. 'ಇಂಥ ಅತ್ತೆ ಎಲ್ಲಿ ಸಿಗ್ತಾರೆ, ದಯವಿಟ್ಟು ವಿಳಾಸ ಕೊಡಿ' ಎಂದು ಶುರುಮಾಡಿದಳು. ಹತ್ತು ಸಾಲು ಸಾಕಿತ್ತು, ಕೈ ನಿಲ್ಲಲಿಲ್ಲ. ನಮ್ಮ ಮನೆ ಅತ್ತೆ ಹೇಗೆ ಗೊತ್ತಾ ಎಂದು ಲೋಟದ ಹಲ್ಲಿನಿಂದ ಹಿಡಿದು, ಆ ಹಲ್ಲು ಕಟ್ಟಿದ ಪುರಾಣವನ್ನೆಲ್ಲ ಬರೆದಳು.

ಆ ಪುರಾಣ ಏಳು ವರ್ಷದ ಹಿಂದಿನದು. ಸೊಸೆ ಆಗ ಮನೆಗೂ ಹೊಸಬಳು, ಕೆಲಸಕ್ಕೂ ಹೊಸಬಳು. ವರ್ಕ್‌ಶಾಪಿನ ಮೇಸ್ತ್ರಿ, ಮೊದಲ ಪೂರ್ತಿ ಸೆಟ್ಟನ್ನು ನಿಮ್ಮತ್ತೆಗೇ ಕಟ್ಟು, ಮನೆಯವರ ಬಾಯಿ ಮೆಚ್ಚಿಸಿದರೆ ಊರ ಬಾಯಿ ಮೆಚ್ಚಿಸಿದ ಹಾಗೆ ಎಂದಿದ್ದ. ಅತ್ತೆ ಅಚ್ಚು ಕೊಡಲು ಒಂದು ಸಲ ವೈದ್ಯರ ಕುರ್ಚಿ ಹತ್ತಿದ್ದೇ ಹೆಚ್ಚು, ಇನ್ನು ಅಲ್ಲಿಗೆ ಕಾಲಿಡುವುದಿಲ್ಲ ಎಂದರು. ಹಾಗಾಗಿ ಹಾಕಿ ನೋಡುವುದೆಲ್ಲ ಮನೆಯಲ್ಲೇ ನಡೆಯಿತು. ಮೊದಲ ಸೆಟ್ಟು ಹಾಕಿಕೊಂಡು, ಇದು ನನ್ನ ಬಾಯಿಗಲ್ಲ ಎಂದರು. ಎರಡನೆಯದಕ್ಕೂ ಅದೇ ಮಾತು. ಮೂರನೆಯದಕ್ಕೆ, ಇದೇನು ಕುದುರೆಗೆ ಮಾಡಿದ್ದಾ ಎಂದರು. ಸೊಸೆ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಾಲ್ಕನೆಯ ಸಲ ಅವಳಿಗೆ ರೋಸಿಹೋಗಿ, ಮೊದಲ ಸೆಟ್ಟನ್ನೇ ತೊಳೆದು, ಪಾಲಿಶ್ ಮಾಡಿ, ಹೊಸದೆಂದು ಕೈಗಿಟ್ಟಳು. ಅತ್ತೆ ಹಾಕಿಕೊಂಡು, ಬಾಯಿ ಮುಚ್ಚಿ ತೆರೆದು, ಈಗ ಬಂತು ನೋಡು ನಿನಗೆ ಕೆಲಸ ಎಂದುಬಿಟ್ಟರು. ಅಂದಿನಿಂದ ಬಂದವರಿಗೆ ಹೋದವರಿಗೆಲ್ಲ ಅವರದು ಒಂದೇ ಬಡಾಯಿ, ಮೂರು ಸಲ ವಾಪಸ್ ಮಾಡಿ ಇವಳಿಗೆ ಕಸುಬು ಕಲಿಸಿದವಳು ನಾನು ಎಂದು. ಸೊಸೆ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಈ ಗುಟ್ಟನ್ನು ಅವಳು ಗಂಡನಿಗೂ ಬಿಟ್ಟುಕೊಟ್ಟಿರಲಿಲ್ಲ.

ಅದನ್ನೀಗ ಅಭಿಪ್ರಾಯದಲ್ಲಿ ಹೊಟ್ಟೆಯಿಂದ ಹೊರಗೆ ಹಾಕಿ ಹಗುರಾದಳು. ಹೇಗೂ ಅತ್ತೆ ಅಭಿಪ್ರಾಯಗಳನ್ನು ಓದುವವರಲ್ಲ. ಅದೇ ಬಿಡುವಿನಲ್ಲಿ ಈ ತಿಂಗಳ ಸಮುದ್ರದ ಕಥೆಯನ್ನೂ ತಿದ್ದಿ, ಎರಡಕ್ಕೂ ನೆತ್ತಿಯ ಮೇಲೆ ಯಾವುದು ಕಥೆ, ಯಾವುದು ಅಭಿಪ್ರಾಯ ಎಂದು ಬರೆದು ಲಿಫ್ಟಣ್ಣನಿಗೆ ಕಳಿಸಿದಳು. ಎಂಟು ವರ್ಷದಲ್ಲಿ ದವಡೆಯ ಚೀಟಿ ತಪ್ಪದವಳು ಅವತ್ತು ತಪ್ಪಿದಳು. ಅಭಿಪ್ರಾಯದ ನೆತ್ತಿಗೆ ಕಥೆ ಎಂದೂ, ಕಥೆಯ ನೆತ್ತಿಗೆ ಅಭಿಪ್ರಾಯ ಎಂದೂ ಬಿತ್ತು. ಲಿಫ್ಟಣ್ಣ ಯಾವುದೋ ಕಟ್ಟಡದ ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ನೇತಾಡುತ್ತ, ನೆತ್ತಿಯನ್ನಷ್ಟೇ ನೋಡಿ ಎರಡನ್ನೂ ಹಾಕಿಬಿಟ್ಟ.

ಮರುದಿನ ಬೆಳಿಗ್ಗೆ ಪಾರಿಜಾತಳ ಉತ್ತರ ಬಂದಿತ್ತು. 'ಮೇಣ ಅವರೇ, ನಿಮ್ಮ ಅಭಿಪ್ರಾಯದ ಆಳ ನನಗಿನ್ನೂ ಪೂರ್ತಿ ದಕ್ಕಿಲ್ಲ. ನನ್ನ ಕಥೆಯ ಅತ್ತೆ ಸಮುದ್ರದಂತೆ ಇರಬೇಕಿತ್ತು ಎನ್ನುತ್ತೀರಾ, ಅಥವಾ ಸೊಸೆ ದಡದಲ್ಲಿ ಅಳಬೇಕಿತ್ತು ಎನ್ನುತ್ತೀರಾ? ಎರಡು ಸಲ ಓದಿದೆ. ಇನ್ನೊಮ್ಮೆ ಓದುತ್ತೇನೆ.' ಸೊಸೆಗೆ ತಲೆಬುಡ ತಿಳಿಯಲಿಲ್ಲ. ಮೇಲೆ ಕೆಳಗೆ ಸರಿಸಿ ನೋಡಿದಾಗ ತಿಳಿಯಿತು.

ಕಥೆಗಳ ಸಾಲಿನಲ್ಲಿ ಅವಳ ಅತ್ತೆ ಕೂತಿದ್ದರು, ಲೋಟ, ಹಲ್ಲು ಸಮೇತ. ಅದರ ಕೆಳಗೆ ಆಗಲೇ ಹತ್ತೊಂಬತ್ತು ಅಭಿಪ್ರಾಯ. ಒಬ್ಬರು ಬಸ್ಸಿನಲ್ಲಿ ಒಬ್ಬರೇ ನಕ್ಕು ಪಕ್ಕದವರ ಕೈಲಿ ಮಾತು ಅನ್ನಿಸಿಕೊಂಡರಂತೆ. ಒಬ್ಬರು ಇಪ್ಪತ್ತು ವರ್ಷದಿಂದ ಮಾತುಬಿಟ್ಟಿದ್ದ ಅತ್ತೆಗೆ ಫೋನು ಮಾಡಿದರಂತೆ. 'ವಿಳಾಸ ಕೊಡಿ' ಎಂದು ಶುರುಮಾಡಿದ್ದಾರಲ್ಲ, ಎಂಥ ಎದೆಗಾರಿಕೆಯ ಆರಂಭ ಎಂದು ಇನ್ನೊಬ್ಬರು ಬರೋಬ್ಬರಿ ಮೂವತ್ತು ಸಾಲು ಬರೆದಿದ್ದರು. ಮೂರು ವರ್ಷದಲ್ಲಿ ಅವಳ ಸಮುದ್ರಗಳನ್ನು ಯಾರೂ ಕೊನೆಯವರೆಗೆ ಓದಿರಲಿಲ್ಲ. ಇದನ್ನು ಎಲ್ಲರೂ ಎರಡೆರಡು ಸಲ ಓದಿದ್ದರು. ಸೊಸೆಗೆ ಭಯವೂ ಆಯಿತು, ಖುಷಿಯೂ ಆಯಿತು. ನಿಜ ಹೇಳಬೇಕೆಂದರೆ ಖುಷಿಯೇ ಹೆಚ್ಚಾಯಿತು. ಅವತ್ತು ಅವಳು ಕಟ್ಟಿದ ಹಲ್ಲುಗಳೆಲ್ಲ ಸ್ವಲ್ಪ ನಗುವ ಹಾಗೇ ಕೂತವು.

ಶುಕ್ರವಾರದ ಹೊತ್ತಿಗೆ ಅಭಿಪ್ರಾಯ ಅರವತ್ತು ದಾಟಿತು. ಭಾನುವಾರ ಓದುವುದು ಇದನ್ನೇ ಎಂದು ಲಿಫ್ಟಣ್ಣ ಸಾರಿದ. ಖುಷಿ ಅಲ್ಲಿಗೆ ನಿಂತಿತು. ಪ್ಲಾಟ್‌ಫಾರಂ ಅಕ್ಕನ ದನಿಯಲ್ಲಿ ಅತ್ತೆಯ ಕಿವಿಗೇ ಬೀಳುತ್ತದೆ ಇದು. ಹಲ್ಲಿನ ಲೋಟದ ವಿಷಯ ಬಿಡಿ, ಅದಕ್ಕೆ ಅತ್ತೆ ಹೆಚ್ಚೆಂದರೆ ಒಂದು ವಾರ ಬೈದಾರು. ಆದರೆ ನಾಲ್ಕನೆಯ ಸೆಟ್ಟು? ಏಳು ವರ್ಷದಿಂದ ತಾವೇ ಕಸುಬು ಕಲಿಸಿದ್ದೆಂದು ತಲೆಯೆತ್ತಿ ಹೇಳಿಕೊಂಡು ಬಂದ ಹೆಂಗಸು, ಸೊಸೆ ತನಗೆ ಟೋಪಿ ಹಾಕಿ, ಊರಿಗೆಲ್ಲ ಹೇಳಿ ನಗಿಸಿದಳು ಎಂದು ತಿಳಿದರೆ ಇನ್ನು ಯಾವ ಮುಖ ಇಟ್ಟುಕೊಂಡು ಬಡಾಯಿ ಕೊಚ್ಚಬೇಕು? ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಬರೆದವರಿಗೆ ಭಾನುವಾರ ಮಧ್ಯಾಹ್ನದವರೆಗೆ ಕಥೆ ಹಿಂತೆಗೆದುಕೊಳ್ಳುವ ಹಕ್ಕಿತ್ತು. ಸೊಸೆ ಲಿಫ್ಟಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವನ ದನಿ ಕೇಳಿದ್ದು, ಅಡ್ಡಹೆಸರಿಗಿಂತ ಮೆತ್ತಗಿತ್ತು. ತೆಗೆಯಬೇಕೆಂದರೆ ತೆಗೆಯುತ್ತೇನೆ ಎಂದ.

"ಅಕ್ಕ, ಒಂದು ಮಾತು. ನಿನ್ನೆ ಒಂದು ಲಿಫ್ಟಲ್ಲಿ ಐದು ಜನ ಸಿಕ್ಕಿಹಾಕಿಕೊಂಡಿದ್ರು. ನಾನು ಮೇಲಿಂದ ಕೆಲಸ ಮಾಡ್ತಾ ಮಾಡ್ತಾ ನಿಮ್ಮ ಕಥೇನೇ ಹೇಳ್ದೆ. ಬಾಗಿಲು ತೆಗೆದ ಮೇಲೂ ಕೊನೆ ಕೇಳ್ಕೊಂಡೇ ಹೊರಗೆ ಬಂದ್ರು. ನಿಮ್ಮ ಅತ್ತೇನ ಯಾರೂ ಹಂಗಿಸ್ತಿಲ್ಲ, ಅಕ್ಕ. ಎಲ್ಲರಿಗೂ ಅವರು ಬೇಕಾಗಿಬಿಟ್ಟಿದ್ದಾರೆ."

ಅದೇನೋ ಸರಿ. ಆದರೆ ಆ ಎಲ್ಲರೂ ಸಂಜೆ ಈ ಮನೆಗೆ ಬಂದು ಅತ್ತೆಯ ಎದುರು ನಿಲ್ಲುವವರಲ್ಲವಲ್ಲ. ಭಾನುವಾರ ಬೆಳಿಗ್ಗೆ ಸೊಸೆ 'ಹಿಂದಕ್ಕೆ ತೆಗೆದುಕೊಳ್ಳುತ್ತೇನೆ' ಎಂದು ಮೊಬೈಲಿನಲ್ಲಿ ಬರೆದು, ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಅತ್ತೆಗೆ ಹಾಲು ಕೊಡಲು ಹೋದಳು. ಅತ್ತೆ ಬೆಳಗ್ಗಿನಿಂದಲೇ ಸಂಜೆಯ ಓದಿಗೆ ತಯಾರಾಗಿ, ತಲೆ ಬಾಚಿಕೊಂಡು ಕೂತಿದ್ದರು. ಹೋದ ತಿಂಗಳ ಕಥೆಯಲ್ಲಿ ಅಷ್ಟೂ ಜನ ಅತ್ತರು, ಅದಕ್ಕೂ ಹಿಂದಿನದರಲ್ಲೂ ಅತ್ತರು, ಇವತ್ತಾದರೂ ಯಾರಾದರೂ ನಗುವಂಥದ್ದು ಬಂದರೆ ಜೀವಕ್ಕೆ ಹಿತ ಎಂದರು. ಹಲ್ಲಿಲ್ಲದ ಬಾಯಿ, ಮಾತು ಮೆತ್ತಗಿತ್ತು. ಸೊಸೆ ಬರೆದದ್ದನ್ನು ಅಳಿಸಿದಳು. ಧೈರ್ಯ ಬಂತೆಂದಲ್ಲ, ಆ ಮುಖ ನೋಡಿ ಬೇರೆ ಏನೂ ಮಾಡಲು ಕೈ ಬರಲಿಲ್ಲ.

ನಾಲ್ಕು ಗಂಟೆಗೆ ಮೊಬೈಲು ಪಾತ್ರೆಯೊಳಗೆ ನಿಂತಿತು. ಗಂಡ ಹಿಂದಿನ ರಾತ್ರಿಯ ಪಾಳಿ ಮುಗಿಸಿ ಒಳಗೆ ಗೊರಕೆ ಹೊಡೆಯುತ್ತಿದ್ದ, ಅವನಿಂದ ಉಪಕಾರವೂ ಇಲ್ಲ ಉಪದ್ರವವೂ ಇಲ್ಲ. ಸೊಸೆ ಅಡುಗೆಮನೆ ಬಾಗಿಲಲ್ಲಿ ಒರೆಸಿದ ತಟ್ಟೆಯನ್ನೇ ಒರೆಸುತ್ತಾ ನಿಂತಳು. ಪ್ಲಾಟ್‌ಫಾರಂ ಅಕ್ಕ ಗಂಟಲು ಸರಿಮಾಡಿಕೊಂಡು, 'ಇಂಥ ಅತ್ತೆ ಎಲ್ಲಿ ಸಿಗ್ತಾರೆ, ದಯವಿಟ್ಟು ವಿಳಾಸ ಕೊಡಿ' ಎಂದರು. ಅತ್ತೆ ಕಿಸಕ್ಕೆಂದು ನಕ್ಕರು. ಮುಂದಿನ ಎರಡು ಸಾಲಿಗೆ ಇನ್ನೂ ಜೋರಾಗಿ ನಕ್ಕು, "ಯಾರೋ ಬೆಂದವಳೇ ಬರ್ದಿರಬೇಕು" ಎಂದರು. ಆಮೇಲೆ ಸ್ಟೀಲಿನ ಲೋಟ ಬಂತು. ಅತ್ತೆಯ ನಗು ಅರ್ಧಕ್ಕೆ ನಿಂತಿತು. ತಿರುಗಿ ತಮ್ಮ ಲೋಟ ನೋಡಿದರು. ಮೊದಲ ಸೆಟ್ಟು ಬಂತು, ಕುದುರೆ ಬಂತು, ಸ್ನಾನದ ಮನೆಯ ನಲ್ಲಿ ಬಂತು. ಅತ್ತೆ ಅಲುಗಾಡಲಿಲ್ಲ. ನಾಲ್ಕನೆಯ ಸೆಟ್ಟಿನ ಹೊತ್ತಿಗೆ ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ಇಷ್ಟು ವರ್ಷ ಆಸೆಪಟ್ಟ ದನಿ ತನ್ನ ಮಾತನ್ನೇ ಓದುತ್ತಿತ್ತು, ಅದನ್ನು ಕೇಳುವ ಭಾಗ್ಯವೂ ಅವಳಿಗಿರಲಿಲ್ಲ. ಕಿವಿಯಲ್ಲಿ ಬರೀ ಗುಂಯ್ ಎನ್ನುತ್ತಿತ್ತು.

ಓದು ಮುಗಿಯಿತು. 'ಬರೆದವರು ಮೇಣ' ಎಂದು ಲಿಫ್ಟಣ್ಣ ಘೋಷಿಸಿದ. ಯಾರು ಯಾರೋ ಚಪ್ಪಾಳೆ ಹೊಡೆದರು. ಅತ್ತೆ ಗೋಡೆ ಕಡೆ ತಿರುಗಲಿಲ್ಲ, ಚಹಾವನ್ನೂ ಕೇಳಲಿಲ್ಲ. ಕೈ ಚಾಚಿ ಲೋಟ ತೆಗೆದುಕೊಂಡರು. ಹಲ್ಲು ತೆಗೆದು, ಎರಡು ಸಲ ಕೊಡವಿ, ಬಾಯಿಗೆ ಹಾಕಿಕೊಂಡರು. ಮುಗಿಯಿತು ಕಥೆ ಅಂದುಕೊಂಡಳು ಸೊಸೆ.

"ಬಾ ಇಲ್ಲಿ. ಕೂತ್ಕೋ. ಮೇಣ ಅಂದ್ರೆ ನೀನಾ?"

"ಹೂಂ, ಅತ್ತೆ. ತಪ್ಪಾಯ್ತು. ಅದು ಕಥೆ ಅಂತ ಬರೆದಿದ್ದೇ ಅಲ್ಲ..."

"ನಿನ್ನ ತಪ್ಪು ಆಮೇಲೆ ನೋಡೋಣ. ಮೊದಲು ಕಥೆಯಲ್ಲಿರೋ ತಪ್ಪು ಕೇಳು. ಕೊನೆ ಸರಿಯಾಗಿ ಕೂತಿಲ್ಲ ಅದರದ್ದು."

ಅತ್ತೆ ಬಾಯಿಂದ ಮೇಲಿನ ಸೆಟ್ಟು ಹೊರಗೆ ತೆಗೆದು, ಅಂಗೈಯಲ್ಲಿಟ್ಟು, ನಾಲಿಗೆ ತಾಗುವ ಮೈ ತೋರಿಸಿದರು. ಎಡಗಡೆಯ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಉಬ್ಬಿದ ಒಂದು ಗುಲಾಬಿ ಬೊಟ್ಟು. ಅರಕ್ಕೆ ತಪ್ಪಿಸಿಕೊಂಡು ಉಳಿದ ಹೊಸಬರ ಕೆಲಸ. ಮತ್ತೆ ಹಲ್ಲು ಹಾಕಿಕೊಂಡು ಹೇಳಿದರು.

"ಮೊದಲನೇ ದಿನವೇ ನನ್ನ ನಾಲಿಗೆಗೆ ಸಿಕ್ಕಿತ್ತು ಇದು. ಎರಡನೇದರಲ್ಲಿ ಇರಲಿಲ್ಲ, ಮೂರನೇದರಲ್ಲಿ ಇರಲಿಲ್ಲ. ನಾಲ್ಕನೇ ಸಲ ನಾಲಿಗೆ ಹೋಯ್ತು, ಅಲ್ಲೇ ಕೂತಿತ್ತು. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರೋಳು ಕಣೇ. ಕಣ್ಣು ಮಂಜಾಗಿದೆ, ನಾಲಿಗೆಗೇನಾಗಿದೆ ನಂಗೆ?"

"ಮತ್ತೆ... ಸರಿಯಾಗಿದೆ ಅಂದ್ರಲ್ಲ?"

"ಮೊದಲನೇ ಸಲವೇ ಸರಿಯಾಗಿತ್ತು."

ಪಾತ್ರೆಯೊಳಗಿನ ಮೊಬೈಲಿನಲ್ಲಿ ಇನ್ನೂ ಯಾರೋ ಮಾತಾಡುತ್ತಿದ್ದರು. ಅತ್ತೆ ಅದನ್ನು ತೆಗೆದು ಬೋರಲು ಹಾಕಿದರು. ಮುಂದಿನದನ್ನು ಅವರು ಸೊಸೆಯ ಮುಖ ನೋಡದೆ, ಲೋಟದ ನೀರನ್ನೇ ನೋಡುತ್ತಾ ಹೇಳಿದರು.

"ನೀನು ಆಗ ಹೊಸದಾಗಿ ಬಂದಿದ್ದೆ. ಬೆಳಿಗ್ಗೆ ಕೆಲಸಕ್ಕೆ ಹೋಗೋಳು, ಬಂದು ಅಡುಗೆಮನೆ ಸೇರೋಳು. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ನಂಗೆ ಹೆದರ್ತಿದ್ದೆ. ನಂಗೂ ಮಾತು ಶುರುಮಾಡೋಕೆ ಬರ್ತಿರಲಿಲ್ಲ. ಹಲ್ಲು ಹಾಕಿ ನೋಡೋ ಸಂಜೆ ಮಾತ್ರ ಸ್ಟೂಲ್ ಎಳ್ಕೊಂಡು ಎದುರಿಗೆ ಕೂತು, ನನ್ನ ಗಲ್ಲ ಹಿಡ್ಕೊಂಡು, ಇಲ್ಲಿ ನೋವಾ ಅತ್ತೆ, ಇಲ್ಲಿ ತಾಗುತ್ತಾ ಅತ್ತೆ ಅಂತಿದ್ದೆ. ಅಮ್ಮ ಹೋದ ಮೇಲೆ ಯಾರು ನನ್ನ ಗಲ್ಲ ಹಿಡಿದಿದ್ರು ಹೇಳು? ಸರಿಯಾಗಿದೆ ಅಂದ್ರೆ ನೀನು ಎದ್ದು ಹೋಗ್ತೀಯಲ್ಲ ಅಂತ, ಸರಿಯಿಲ್ಲ ಅಂದೆ."

ಸೊಸೆಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಬಿಕ್ಕಳಿಕೆಯೂ ಬಂತು. ಏಳು ವರ್ಷ ಅಡುಗೆಮನೆಯಲ್ಲಿ ನಕ್ಕಿದ್ದಳಲ್ಲ, ಅಷ್ಟೂ ಹೊತ್ತು ಈಚೆ ಮಂಚದ ಮೇಲೆ ಇನ್ನೊಬ್ಬರು ನಗುತ್ತಿದ್ದರು. ನಾಲ್ಕನೆಯ ಸಲ ಆ ಬೊಟ್ಟು ಸಿಕ್ಕಿದಾಗ, ತಮ್ಮ ಆಟ ಸೊಸೆಗೆ ತಿಳಿದುಹೋಯಿತು, ಇನ್ನು ಸಾಕು ಮಾಡಬೇಕು ಎಂದುಕೊಂಡರಂತೆ ಅತ್ತೆ. ಕಸುಬು ಕಲಿಸಿದೆ ಎಂದು ಸಾರಿದ್ದೂ, ಸೊಸೆ ಮೂರು ಸಲ ಸೋತವಳೆಂದು ನೆಂಟರಿಷ್ಟರು ಆಡಿಕೊಳ್ಳದಿರಲಿ ಎಂದೇ ಅಂತೆ. ಸ್ವಲ್ಪ ಬಡಾಯಿಗೂ ಹೌದು ಎಂದು ತಾವೇ ಒಪ್ಪಿಕೊಂಡರು.

"ಇದನ್ನೂ ಬರಿ. ಇಲ್ದಿದ್ರೆ ಅದಿನ್ನೂ... ಹಲ್ಲು ಗಟ್ಟಿಯಾಗೋ ಮುಂಚೆ ಏನಂತೀಯಾ ನೀನು? ಮೇಣ."

"ಬರೀತೀನಿ, ಅತ್ತೆ."

"ಅಳೋರನ್ನ ಮಾತ್ರ ಹಾಕಬೇಡ. ಚಹಾ ಇಡು."

ಸೊಸೆ ಎದ್ದಳು. ಮೂರು ವರ್ಷದಿಂದ ಆ ಎರಡು ಮಾತಿಗಾಗಿ ಕಾದವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಲೆಗೆ ನೀರಿಟ್ಟು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಳೋ ಇಲ್ಲವೋ, ಮಂಚದ ಕಡೆಯಿಂದ ಮತ್ತೆ ಅತ್ತೆಯ ಕರೆ ಬಂತು. ಬಲಗಡೆ ಯಾಕೋ ಎರಡು ದಿನದಿಂದ ಚುಚ್ಚುತ್ತಿದೆ, ಒಂದು ಸಲ ನೋಡಬಾರದಾ ಎಂದು.

ಅವಳು ಕೈ ತೊಳೆದು ಬಂದು, ಸ್ಟೂಲ್ ಎಳೆದುಕೊಂಡು, ಎದುರಿಗೆ ಕೂತಳು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ತಾಗುವ ಕಡೆ ಗುರುತು ಬೀಳಿಸುವ ನೀಲಿ ಕಾಗದ ಕಚ್ಚಿಸಿ ನೋಡಿದಳು, ಬೆರಳಾಡಿಸಿ ನೋಡಿದಳು. ಎಲ್ಲೂ ಚುಚ್ಚುತ್ತಿರಲಿಲ್ಲ. ಏಳು ವರ್ಷದ ಹಳೆಯ ಸೆಟ್ಟು, ನಿನ್ನೆ ಮಾಡಿದ್ದೇನೋ ಎಂಬಂತೆ ಕೂತಿತ್ತು.

"ಹೌದು ಅತ್ತೆ, ತಾಗ್ತಿದೆ," ಎಂದಳು ಸೊಸೆ. "ಇದು ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ. ದಿನಾ ಸಂಜೆ ಸ್ವಲ್ಪ ಸ್ವಲ್ಪ ನೋಡಬೇಕಾಗುತ್ತೆ."

ಅತ್ತೆ ಬಾಯಿ ತೆರೆದುಕೊಂಡೇ ಹೂಂಗುಟ್ಟಿದರು. ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು.